ಹನ್ನೆರಡನೆಯ ಸಾಲು

ಊರಿಗೆಲ್ಲ ಅವಳು ಉಳಿಯಕ್ಕ. ಅರವತ್ತು ದಾಟಿದರೂ ಕಲ್ಲಿನಲ್ಲಿ ಅಕ್ಷರ ಕೊರೆಯುವ ಕೈ ನಡುಗುತ್ತಿರಲಿಲ್ಲ. ಬಾಯಂತೂ ಉಳಿಗಿಂತ ಚೂಪು.

ಚೌಕದ ಯುದ್ಧಸ್ಮಾರಕ ಅವಳ ಅಪ್ಪ ಕೆತ್ತಿದ ಕಲ್ಲು. ಅದರಲ್ಲಿ ಗಡಿಯ ಗುಡ್ಡವೊಂದರಲ್ಲಿ ಒಂದೇ ದಿನ ಮಡಿದ ಊರಿನ ಸೈನಿಕರ ಹನ್ನೊಂದು ಹೆಸರು. ಅದೇ ಗುಡ್ಡದಲ್ಲಿ ಅದೇ ದಿನ ಸತ್ತ ಅವಳ ಚಿಕ್ಕಪ್ಪನ ಹೆಸರಿಲ್ಲ. ಅವನು ಪಡೆಯ ಅಡುಗೆಯವನು. ‘ಸೌಟು ಹಿಡಿದವನು ಸೈನಿಕನಲ್ಲ’ ಎಂದು ಆಗಿನ ಹಿರಿಯರು ಕೈಬಿಟ್ಟಿದ್ದರು. ಒಡಹುಟ್ಟಿದ ತಮ್ಮನಿಗಾಗಿ ತುಟಿ ಬಿಚ್ಚದ ಅಪ್ಪನ ಮೇಲೆ ಉಳಿಯಕ್ಕನಿಗೆ ಇಂದಿಗೂ ಮುನಿಸು. ವರ್ಷಕ್ಕೊಮ್ಮೆ ಹನ್ನೊಂದು ಮನೆಯವರು ಕಲ್ಲಿನ ಮುಂದೆ ನಿಂತರೆ, ಚಿಕ್ಕಮ್ಮ ಹಿಂದೆಲ್ಲೋ ಗೋಡೆ ಹಿಡಿದು ನಿಲ್ಲುವಳು.

ಈಗ ಅಕ್ಷರಗಳು ಸವೆದಿದ್ದವು. ಆಳ ಮಾಡಿಕೊಡಲು ಪಂಚಾಯಿತಿ ಅಧ್ಯಕ್ಷ ಅವಳನ್ನೇ ಕರೆದ.

“ಹನ್ನೆರಡಾದ್ರೆ ಉಳಿ ಮುಟ್ತೀನಿ. ಹನ್ನೊಂದಾದ್ರೆ ನೀವೇ ಉಗುರಲ್ಲಿ ಕೆರ್ಕೊಳ್ಳಿ.”

“ಹಠ ಮಾಡ್ಬೇಡಿ ಅಕ್ಕಾ. ಜಾಗ ಎಲ್ಲಿದೆ? ಕೆಳಗೆ ಬರೀ ಪಾಚಿ.”

ಉಳಿಯಕ್ಕ ಮಂಡಿಯೂರಿ ಪಾಚಿ ಉಜ್ಜಿದಳು, ನೀರು ಸುರಿದಳು. ಓರೆಬಿಸಿಲಿನಲ್ಲಿ ಒದ್ದೆ ಕಲ್ಲಿನ ಮೇಲೆ ಕೂದಲೆಳೆಯಂಥ ಎರಡು ಗೀಟು ಮೂಡಿದವು. ಅಕ್ಷರದ ತಲೆಗೊಂದು, ಬುಡಕ್ಕೊಂದು ಗೀಟು ಎಳೆದುಕೊಂಡೇ ಕೆತ್ತುವುದು ಈ ಕಸುಬಿನ ಪದ್ಧತಿ; ಕೆತ್ತಿದ ಮೇಲೆ ಉಜ್ಜಿ ಅಳಿಸಬೇಕು. ಹನ್ನೊಂದು ಸಾಲಿನಲ್ಲಿ ಅಪ್ಪ ಅಳಿಸಿದ್ದ. ಇಲ್ಲಿ ಮಾತ್ರ ಬಿಟ್ಟಿದ್ದ.

ಅವಳು ಆ ಗೀಟುಗಳ ಮೇಲೆ ಬೆರಳಾಡಿಸಿದಳು. ಒಂದು ಗಳಿಗೆ ಅಷ್ಟೇ.

“ಜಾಗ ಕೇಳಿದ್ರಲ್ಲ, ನೋಡಿ.”

“ನಾಳೆ ಯಾರಾದ್ರೂ ಆಕ್ಷೇಪ ತೆಗೆದ್ರೆ?”

“ಮೂರನೇ ಸಾಲಲ್ಲಿರೋ ನಿಮ್ಮಜ್ಜ ಕೊನೇ ತುತ್ತು ಯಾರ ಕೈಯಿಂದ ಉಂಡ್ರು ಅಂತ ಅವ್ರನ್ನೇ ಕೇಳಿ. ಉಂಡೋರ ಹೆಸರಿದೆ, ಬಡಿಸಿದೋನದ್ದಿಲ್ಲ.”

ಅಧ್ಯಕ್ಷ ಮೂರನೆಯ ಸಾಲನ್ನು ತುಸು ಹೊತ್ತು ನೋಡಿದ. ಕೆಮ್ಮಿದ. “ಅಕ್ಷರ ನಮ್ಮಜ್ಜಂದಕ್ಕಿಂತ ದೊಡ್ಡದಾಗ್ಬಾರ್ದು, ಮತ್ತೆ!”

“ಗೀಟು ನಮ್ಮಪ್ಪಂದು. ಎಳ್ಳಷ್ಟೂ ದಾಟಲ್ಲ.”

ಮರುದಿನ ಬೆಳಿಗ್ಗೆ ಚಿಕ್ಕಮ್ಮನನ್ನು ಕೈಹಿಡಿದು ಕರೆತಂದು, ಕಲ್ಲಿನ ಮುಂದೆಯೇ ಸ್ಟೂಲು ಹಾಕಿ ಕೂರಿಸಿದಳು. ಉಳಿ ಇಟ್ಟು ಸುತ್ತಿಗೆ ಎತ್ತಿದಳು.

“ಮೆಲ್ಲಗೆ ಹೊಡಿಯೇ, ನೋವಾದೀತು,” ಎಂದಳು ಮುದುಕಿ.

“ಮೆಲ್ಲಗೆ ಹೊಡೆದ್ರೆ ಬೇಗ ಸವೆದುಹೋಗ್ತಾನೆ ಚಿಕ್ಕಮ್ಮಾ,” ಎಂದ ಉಳಿಯಕ್ಕ ಮೊದಲ ಏಟನ್ನೇ ಬಲವಾಗಿ ಹಾಕಿದಳು.