ಮನಿ ಬ್ಯಾಟರಿ, ಸೆಲ್ಫ್ ಬ್ಯಾಟರಿ

ಕೊಪ್ಪಳದಲ್ಲಿ ಶಾಲೆ ಮಕ್ಕಳ ವ್ಯಾನು ಓಡಿಸುವವಳು ನಾನು. ಬ್ಯಾಟರಿ ಎಂದರೆ ಕೀಲಿ ತಿರುಗಿಸಿದಾಗ ಎಂಜಿನ್ ಎಬ್ಬಿಸುವ ಪೆಟ್ಟಿಗೆ, ಅಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡಿದ್ದೆ. ಸಾಕಾಗಲಿಲ್ಲ. ಗಿಣಿಗೇರಾದ ಕಡೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನ್ನಪ್ಪ, ಶ್ವಾಸಕೋಶ ಕೈಕೊಟ್ಟ ಮೇಲೆ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಆಕ್ಸಿಜನ್ ಮಿಷನ್ ಪಕ್ಕ ಕೂತುಬಿಟ್ಟ. ನಳಿಗೆ ತೆಗೆದು ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಅವನ ತುಟಿ ಕಪ್ಪಾಗುತ್ತಿತ್ತು. ಬಾಯಿ ಮಾತ್ರ ಮೊದಲಿನಷ್ಟೇ ಜೋರಾಗಿತ್ತು.

ಆಸ್ಪತ್ರೆಗೆ ಹೋಗಬೇಕಾದರೂ ಮಿಷನ್ ಜೊತೆಗೆ ಬರಬೇಕು. ಇನ್ವರ್ಟರ್ ಇಟ್ಟು ವ್ಯಾನಿನ ಬ್ಯಾಟರಿಗೇ ಸಿಕ್ಕಿಸಿದರಾಯಿತಲ್ಲ ಎಂದೆ.

"ಹುಚ್ಚಿ ಅದಿಯೇನು? ಅದು ಸೆಲ್ಫ್ ಹೊಡಿಯೂ ಬ್ಯಾಟರಿ. ಒಂದು ಗುದ್ದು ಗುದ್ದಿ ಸುಮ್ಮನಾಗೂದು ಅದರ ಕೆಲಸ. ಎಮ್ಮಿ ಹಿಂಡಿದಂಗ ಹಿಂಡಿದ್ರ ಸಾಯತೈತಿ" ಎಂದ.

ಮನೆಯ ಇನ್ವರ್ಟರನ್ನೂ ಅದರ ದೊಡ್ಡ ಬ್ಯಾಟರಿಯನ್ನೂ ವ್ಯಾನಿನ ಹಿಂದಿನ ಸೀಟಿನ ಬುಡಕ್ಕೆ ತರಿಸಿದ. ಆ ಬ್ಯಾಟರಿಗೆ ಮನಿ ಬ್ಯಾಟರಿ ಎಂದೇ ಹೆಸರು. ಅವನು ಕೂತಲ್ಲಿಂದ ಬೈಯುತ್ತ ಹೇಳಿದ, ನಾನು ಬೈಸಿಕೊಳ್ಳುತ್ತ ವೈರು ಎಳೆದೆ. ಎರಡು ಬ್ಯಾಟರಿಗಳ ಪ್ಲಸ್ ನಡುವೆ ದಪ್ಪ ಕೆಂಪು ವೈರು, ಎರಡೂ ತುದಿಗೆ ಫ್ಯೂಸು, ಮಧ್ಯದಲ್ಲೊಂದು ಸ್ವಿಚ್ಚು. ಎಂಜಿನ್ ಓಡುವಾಗ ಸ್ವಿಚ್ಚು ಹಾಕಿದರೆ ಡೈನಮೋ ಎರಡನ್ನೂ ತುಂಬುತ್ತದೆ. ಎಂಜಿನ್ ನಿಂತ ಕೂಡಲೇ ಸ್ವಿಚ್ಚು ತೆಗೆಯಬೇಕು. ಆಗ ಮಿಷನ್ ಮನಿ ಬ್ಯಾಟರಿಯನ್ನಷ್ಟೇ ತಿನ್ನುತ್ತದೆ, ಇನ್ನೊಂದು ಗಾಡಿ ಎಬ್ಬಿಸಲು ಹಾಗೇ ಉಳಿಯುತ್ತದೆ.

"ಮನಿ ಬ್ಯಾಟರಿ ಇರೂದು ನನ್ನ ಸಲುವಾಗಿ. ಸೆಲ್ಫ್ ಬ್ಯಾಟರಿ ಹೊಳ್ಳಿ ಬರೂ ಸಲುವಾಗಿ. ಅದನ್ನ ಮುಟ್ಟಬಾರದು, ತಿಳೀತಿಲ್ಲೋ?" ಎಂದು ಎಷ್ಟು ಸಲ ಅಂದನೋ. ಸ್ವಿಚ್ಚನ್ನು ತನ್ನ ಕೈಗೆಟುಕುವಲ್ಲೇ ಕೂರಿಸಿಕೊಂಡ. ನಾನು ಮುಟ್ಟಿದರೆ ಕೈ ಸರಿಸುತ್ತಿದ್ದ.

ಕುಕನೂರಿನ ಆಚೆ, ಮಂಗಳೂರು ಎಂಬ ಹಳ್ಳಿಯಲ್ಲಿದ್ದ ಅತ್ತೆ ತೀರಿಕೊಂಡ ಸುದ್ದಿ ಬಂದದ್ದು ಒಂದು ಮುಂಜಾನೆ. ಅಪ್ಪನ ಒಬ್ಬಳೇ ಅಕ್ಕ. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರಿನ ಸೀರೆ ಉಡಿಸದೆ ಮಣ್ಣು ಮಾಡುವುದಿಲ್ಲ, ಆ ಸೀರೆ ತವರಿನವರ ಕೈಯಿಂದಲೇ ಬರಬೇಕು. ತವರಿನಲ್ಲಿ ಉಳಿದಿದ್ದವನು ಅಪ್ಪನೊಬ್ಬನೇ.

"ನಾ ಒಬ್ಬಾಕಿನ ಹೋಗಿ ಕೊಟ್ಟು ಬರ್ತೀನಿ" ಎಂದೆ.

"ನೀ ಮಗಳು. ತಮ್ಮ ಅಲ್ಲ" ಎಂದ. ಮಾತು ಅಲ್ಲಿಗೆ ಮುಗಿಯಿತು.

ಅವತ್ತು ನಸುಕಿನಿಂದ ಕರೆಂಟಿರಲಿಲ್ಲ. ಅಂಗಳದಲ್ಲಿ ನಿಂತ ವ್ಯಾನಿನಿಂದಲೇ ಮಿಷನ್ ಓಡಿಸಿದ್ದರಿಂದ ಮನಿ ಬ್ಯಾಟರಿ ಹೊರಡುವ ಮೊದಲೇ ಅರ್ಧ ಖಾಲಿಯಾಗಿತ್ತು. ಕುಕನೂರು ದಾಟುವವರೆಗೂ ಡೈನಮೋ ತುಂಬಿದ್ದನ್ನು ಮಿಷನ್ ಕುಡಿಯುತ್ತಲೇ ಇತ್ತು. ಅಪ್ಪ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದ.

ಊರ ಹೆಬ್ಬಾಗಿಲು, ಅಗಸಿಯಲ್ಲಿ ನಿಂತೆವು. ತವರಿನವರು ತಾವಾಗಿ ಒಳಗೆ ಹೋಗುವಂತಿಲ್ಲ. ಸತ್ತವರ ಮನೆಯವರು ಹಲಗಿ ಬಾರಿಸುತ್ತ ಬಂದು ಕರೆದೊಯ್ಯಬೇಕು. ಎಂಜಿನ್ ಚಾಲೂ ಇರಲಿ ಎಂದೆ. ಅಪ್ಪ ಸಿಡುಕಿದ. "ಆರಸು. ಮಣ್ಣಿಗೆ ಬಂದವರು ಗಾಡಿ ಗುರ್ ಅನಿಸಿಕೋತ ನಿಂತ್ರ, ಯಾವಾಗ ಎದ್ದು ಹೋಗೂಣು ಅಂದಂಗ ಆಕ್ಕೈತಿ."

ಆರಿಸಿದೆ. ಒಳಗೆ ಅತ್ತೆಗೆ ಇನ್ನೂ ಮೈತೊಳೆಯುತ್ತಿದ್ದರಂತೆ, ಹಲಗಿ ಬರುವುದು ತಡವಾಯಿತು. ಬಿಸಿಲು ಏರಿತು. ಕೊನೆಗೆ ದೂರದಲ್ಲಿ ಹಲಗಿ ಕೇಳಿಸುವ ಹೊತ್ತಿಗೆ ಮಿಷನ್ ಕುಯ್ ಎಂದು ಕೂಗಿ ನಿಂತಿತು. ಕೀಲಿ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ. ಹಿಂದೆ ಹೊರಳಿ ನೋಡಿದರೆ ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇತ್ತು. ಎರಡೂ ಬ್ಯಾಟರಿ ಬರಿದಾಗಿದ್ದವು.

"ಅಪ್ಪಾ, ಇದನ್ನ ತಗಿಯೂದು ಮರತಿಯಲ್ಲೋ" ಎಂದೆ.

ಅವನು ನಳಿಗೆ ತೆಗೆದು ಸೀಟಿನ ಮೇಲಿಟ್ಟು, ಸೀರೆಯ ಗಂಟು ಹಿಡಿದು ಇಳಿದ. ಒಂದು ಕಡೆ ನಾನು, ಇನ್ನೊಂದು ಕಡೆ ಹಲಗಿಯವರ ಜೊತೆ ಕರೆಯಲು ಬಂದಿದ್ದ ಅತ್ತೆಯ ಮಗ. ಹಲಗಿಯವರು ಅವನ ನಡಿಗೆ ನೋಡಿ ಬಾರಿಸುವುದನ್ನು ನಿಧಾನ ಮಾಡಿದರು. ಪ್ರತಿ ಕಟ್ಟೆಗೂ ನಿಂತ, ಮತ್ತೆ ನಡೆದ. ಅತ್ತೆಯ ಮೈಮೇಲೆ ತನ್ನ ಕೈಯಾರೆ ಸೀರೆ ಹೊದಿಸಿ, ಸೆರಗನ್ನು ನೆತ್ತಿಗೆ ಎಳೆದು ಸರಿಮಾಡಿದ. ಹೆಂಗಸರ ಅಳು ಜೋರಾಯಿತು. ಅವನು ಗೋಡೆಗೆ ಒರಗಿ ಕುಸಿದ. ತುಟಿ ನೇರಳೆಹಣ್ಣು ತಿಂದವರ ಹಾಗಾಗಿತ್ತು. ಇವನೂ ಹೋದ ಎಂದೇ ನಾನು ಅಳತೊಡಗಿದೆ.

ಅತ್ತೆಯನ್ನು ಒಯ್ಯಲು ಚೆಂಡುಹೂವು ಕಟ್ಟಿ ನಿಲ್ಲಿಸಿದ್ದ ಟ್ರ್ಯಾಕ್ಟರನ್ನೇ ಅವಳ ಮಗ ಅಗಸಿಗೆ ಓಡಿಸಿದ. ಅದರ ಬ್ಯಾಟರಿಗೆ ವೈರು ಹಚ್ಚಿ ವ್ಯಾನು ಎಬ್ಬಿಸಿ ಮನೆಬಾಗಿಲಿಗೆ ತಂದೆವು. ಮಿಷನ್ ಶುರುವಾಯಿತು. ಆಮೇಲೆ ಅದೇ ಟ್ರ್ಯಾಕ್ಟರು ಅತ್ತೆಯನ್ನು ಹೊತ್ತು ಹೋಯಿತು. ಮಣ್ಣಿನವರೆಗೆ ಹೋಗುವ ಶಕ್ತಿ ಅಪ್ಪನಿಗಿರಲಿಲ್ಲ, ವ್ಯಾನಿನಿಂದಲೇ ಕೈ ಮುಗಿದ.

ಹಿಂದಿರುಗುವಾಗ ಕುಕನೂರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. "ನನಗ ಅಷ್ಟು ಪಾಠ ಹೇಳಿ ನೀನ ಮರತಿಯಲ್ಲ" ಎಂದೆ.

"ಮರತಿಲ್ಲವ್ವ" ಎಂದ. ಉಸಿರು ಸೇರಿಸಿಕೊಂಡು ಮುಂದುವರಿಸಿದ. "ಮನಿ ಬ್ಯಾಟರಿ ಆಗಲೇ ಸೋತಿತ್ತು. ಸ್ವಿಚ್ ತಗದಿದ್ರ ಹಲಗಿ ಬರೂದ್ರೊಳಗ ನನ್ನ ಉಸಿರು ನಿಂದರತಿತ್ತು. ಅಕ್ಕನ ತನಕ ಮುಟ್ಟಿದ್ರ ಸಾಕಿತ್ತು."

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ಮತ್ತ ಹೊಳ್ಳಿ ಬರೂದು? ನಿನ್ನ ಹಿಂದ ಹಾಕ್ಕೊಂಡು, ಸತ್ತ ಗಾಡ್ಯಾಗ ನಾ ಒಬ್ಬಾಕಿ ಏನ ಮಾಡಬೇಕಿತ್ತು?"

ಅವನು ಮೂಗಿನ ನಳಿಗೆ ಸರಿಮಾಡಿಕೊಂಡ.

"ಅದನ್ನೂ ವಿಚಾರ ಮಾಡಿದ್ದೆ" ಎಂದ. "ಮಣ್ಣಿನ ಮನ್ಯಾಗ ಹೆಣ ಒಯ್ಯಾಕ ಟ್ರ್ಯಾಕ್ಟರ್ ಇದ್ದ ಇರತೈತಿ. ನಿನ್ನ ಗಾಡಿ ಚಾಲೂ ಆಗತಿತ್ತು."