ತಾತನ ಕತ್ತಿಗೆ ಬಿದ್ದ ಗ್ರೈಂಡರ್

ನನ್ನ ಮೈದುನನಿಗೆ ಹೊಳೆಯೋದೇ ದೇವರು. ಆಯುಧಪೂಜೆ ಬಂತೆಂದರೆ ಟ್ರ್ಯಾಕ್ಟರಿಗೆ ಶಾಂಪೂ ಹಾಕಿ ತಿಕ್ಕುತ್ತಾನೆ. ದೇವರ ಮನೆ ಹೊಸ್ತಿಲಿಗೆ ಒಂದು ಚೊಂಬು ನೀರು ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಹೋದ ವರ್ಷ ಅವನ ಕಣ್ಣು ದೇವರ ಮನೆಯ ಕತ್ತಿಯ ಮೇಲೆ ಬಿತ್ತು. ಅದು ಬೈಲಕುಪ್ಪೆ ಕ್ಯಾಂಪಿನ ಟಿಬೆಟಿನ ತಾತನದು. ತೀರಿಹೋದ ನಮ್ಮ ಮಾವನವರೂ ಅವರೂ ಮುಸುಕಿನ ಜೋಳದ ಹೊಲದಲ್ಲಿ ಒಂದೇ ಬದುವಿನವರು. ತಾತ ಮುಪ್ಪಿನಲ್ಲಿ ಸನ್ಯಾಸ ತಗೊಂಡಾಗ, ಇನ್ನು ಆಯುಧ ಇಟ್ಟುಕೊಳ್ಳಬಾರದೆಂದು, ತಮ್ಮಪ್ಪ ಟಿಬೆಟಿನಿಂದ ಹೊತ್ತುತಂದಿದ್ದ ಕತ್ತಿಯನ್ನು ಮಾವನವರ ಕೈಗಿಟ್ಟರು. "ಎಣ್ಣೆ ಒರೆಸಿ, ಉಜ್ಜಬೇಡಿ" ಅಂದರು, ಅಷ್ಟೇ. ಪ್ರತಿ ಆಯುಧಪೂಜೆಗೂ ಬಂದು ಅದನ್ನು ಮುಟ್ಟಿ ನೋಡಿ, ಒಬ್ಬಟ್ಟು ತಿಂದು ಹೋಗುತ್ತಾರೆ.

ಹಿಡಿಗೆ ಬೆಳ್ಳಿ ತಂತಿ ಸುತ್ತಿದೆ, ತುದಿಯಲ್ಲೊಂದು ಹವಳ. ಮರದ ಒರೆಗೆ ಚರ್ಮ ಹೊದಿಸಿದ್ದಾರೆ. ಆದರೆ ಅಂದವೆಲ್ಲ ಇರುವುದು ಅಲಗಿನಲ್ಲಿ. ಮೆದು ಕಬ್ಬಿಣ, ಗಟ್ಟಿ ಕಬ್ಬಿಣ ಎರಡನ್ನೂ ಪದರ ಪದರವಾಗಿ ಕಾಯಿಸಿ ಬಡಿದು ಸೇರಿಸಿದ್ದಂತೆ. ಕೂದಲೆಳೆಯಂಥ ಗೆರೆಗಳು ಉದ್ದಕ್ಕೂ ಓಡಿ, ಮೊನೆಯ ಹತ್ತಿರ ತಿರುಗಿ ವಾಪಸ್ಸು ಬರುತ್ತವೆ.

ಅದನ್ನು ನೋಡಿ ನಮ್ಮ ಮಹಾನುಭಾವ, "ತುಕ್ಕಿಡ್ದು ಗೆರೆಗೆರೆ ಆಗ್ಬುಟ್ಟದೆ ಕಣತ್ತಿಗೆ" ಅಂದ.

"ತುಕ್ಕಲ್ಲ ಕಣಪ್ಪ, ಅದರ ಮೈಯೇ ಅಂಗೆ. ಬುಡು ಅದನ್ನ."

"ಅಡಿಗೆ ಮನೇಲಿರೋರ್ಗೆ ಕಬ್ಣದ ಇಚಾರ ಏನ್ ಗೊತ್ತು, ಸುಮ್ನಿರಿ!"

ಹಬ್ಬದ ಬೆಳಿಗ್ಗೆ ನಾನು ಹೂ ಕೊಯ್ಯಲು ಹಿತ್ತಲಿಗೆ ಹೋದದ್ದೇ ಸಾಕಾಯಿತು. ಕತ್ತಿಯನ್ನು ಬೈಕಿಗೆ ಕಟ್ಟಿಕೊಂಡು ಹಾರನಹಳ್ಳಿಯ ವೆಲ್ಡಿಂಗ್ ಅಂಗಡಿಗೆ ಹೊರಟೇಬಿಟ್ಟಿದ್ದ. ನಾನು ದೇವರ ಮುಂದೆ ಕೂತೆ. ತಾತನಿಗೆ ಯಾವ ಮುಖ ತೋರಿಸಲಿ ತಾಯಿ, ನೀನೇ ಕಾಪಾಡು ಅಂದೆ.

ಕಾಪಾಡಿದಳು. ಗ್ರೈಂಡರ್ ಗೇಣುದ್ದ ಓಡುವಷ್ಟರಲ್ಲಿ ಕರೆಂಟು ಹೋಯಿತಂತೆ. ಅಷ್ಟು ಜಾಗದ ಗೆರೆ ಅಳಿಸಿ ಮುಖ ಕಾಣುವಂತೆ ಹೊಳೆಯುತ್ತಿತ್ತು, ಉಳಿದ ಅಲಗು ಹಾಗೇ ಮನೆಗೆ ಬಂತು. ಕರೆಂಟಿನವರಿಗೆ ನಾನು ಒಳ್ಳೇದಾಗಲಿ ಅಂದದ್ದು ಅವತ್ತೇ ಮೊದಲು.

ಮಧ್ಯಾಹ್ನ ತಾತ ಬಂದರು. ಗೆರೆಗಳ ಮೇಲೆ ಬೆರಳಾಡಿಸುತ್ತ ಬಂದವರು ಆ ಬೋಳು ಜಾಗದಲ್ಲಿ ನಿಂತುಬಿಟ್ಟರು. ನಾನು ಒಬ್ಬಟ್ಟಿನ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದೆ. ಇವನೋ, ಎದೆ ಉಬ್ಬಿಸಿಕೊಂಡು, "ಎಂಗ್ ಒಳೀತದೆ ನೋಡಿ ತಾತ! ಮಿಕ್ಕಿದ್ದ ನಾಳಿಕೆ ಮಾಡುಸ್ಬುಡ್ತೀನಿ" ಅಂದ.

ತಾತ ಅವನ ಕ್ರಾಪನ್ನೇ ನೋಡಿದರು. "ಬ್ಯಾಡ ಕಣಪ್ಪ. ತಲೆ ಬಾಚ್ಕೊಳ್ಳಾಕೆ ಇಷ್ಟು ಕನ್ನಡಿ ಸಾಕು ನಿಂಗೆ."

ಹೊಗಳಿದರೆಂದುಕೊಂಡು ಹಲ್ಲು ಕಿರಿದ.

ಅವತ್ತು ಸಂಜೆ ಪೂಜೆ ಇಳಿಸಿ, ಎಣ್ಣೆ ಒರೆಸಿ, ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ಡ್ರಮ್ಮಿನೊಳಗೆ ಇಳಿಸಿದೆ. ವರ್ಷವಾಯಿತು, ಅಲ್ಲೇ ಕ್ಷೇಮವಾಗಿದೆ. ಅಡಿಗೆ ಮನೆಯಲ್ಲಿ ಒಂದು ಡಬ್ಬಿಯ ಮುಚ್ಚಳವನ್ನೂ ಅವನು ಹುಟ್ಟಿದಾಗಿನಿಂದ ತೆಗೆದವನಲ್ಲ.