ಚಿಕ್ಕವ್ವನ ಅಳತೆ

ನಮ್ಮ ಕಡೆ ಧಾರೆ ಸೀರೆ ತೆಗೆಯುವವರು ಗಂಡಿನ ಮನೆಯವರು. ಅದರ ಬ್ಲೌಸನ್ನೂ ಅವರೇ ಹೊಲಿಸುತ್ತಾರೆ. ಹೆಣ್ಣಿನ ಮನೆಯವರು ಒಂದು ಅಳತೆ ಬ್ಲೌಸು ಕಳಿಸಿಕೊಟ್ಟರೆ ಸಾಕು. ಇಷ್ಟು ಸಲೀಸಾದ ಕೆಲಸದಲ್ಲಿ ಏನು ಎಡವಟ್ಟಾದೀತು ಅಂತ ನೀವು ಕೇಳಬಹುದು. ನೀವು ನಮ್ಮವ್ವನನ್ನು ನೋಡಿಲ್ಲ.

ನಾನಾಗ ಕಡ್ಡಿಪೈಲ್ವಾನಿ. ಮೂರು ಹೊತ್ತೂ ಮುದ್ದೆ ನುಂಗುತ್ತಿದ್ದೆ, ಅದೆಲ್ಲಿ ಹೋಗುತ್ತಿತ್ತೋ ಶಿವನಿಗೇ ಗೊತ್ತು. ಅಪ್ಪನಿಗೆ ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇತ್ತು. ಅವ್ವನಿಗೆ ಇದ್ದದ್ದು ಒಂದೇ ಕೊರಗು.

"ಮಂಡಿ ಮಡಗಿರೋರು, ಮಗಳಿಗೆ ಒಟ್ಟೆ ತುಂಬ ಇಕ್ಕಿಲ್ಲ ಅಂದ್ಕೊತಾರೆ ಕಣಮ್ಮಿ."

ಚಾಮರಾಜನಗರದವರು ಹೆಣ್ಣು ನೋಡಲು ಬಂದ ದಿನ ನನಗೆ ಎರಡು ಲಂಗ ಉಡಿಸಿ, ಗರಿಗರಿ ರೇಷ್ಮೆ ಸೀರೆ ಸುತ್ತಿ, ಸೆರಗನ್ನು ಎರಡೂ ಭುಜಕ್ಕೆ ಹೊದೆಸಿ ಕೂರಿಸಿದಳು. ಅಪ್ಪನ ಮಂಡಿಯ ಈರುಳ್ಳಿಯ ಹಾಗೆ ಪದರ ಪದರವಾಗಿ ಕೂತಿದ್ದೆ. ಒಪ್ಪಿಗೆಯಾಯಿತು. ಅವ್ವ ಗೆದ್ದೆನೆಂದುಕೊಂಡಳು.

ಅಷ್ಟರಲ್ಲಿ ಅಳತೆ ಬ್ಲೌಸು ಕೇಳಿ ಅಲ್ಲಿಂದ ಫೋನು ಬಂತು. ನನ್ನದನ್ನು ಕಳಿಸಿದರೆ ಗುಟ್ಟು ರಟ್ಟು. ಅವ್ವ ಕಳಿಸಿದ್ದು ಚಿಕ್ಕವ್ವನದನ್ನು. ಈ ಚಿಕ್ಕವ್ವ ಅವ್ವನ ತಂಗಿ, ನಮ್ಮ ಮನೆತನದ ಮೈಸಿರಿಯೆಲ್ಲ ಸೇರಿ ಒಂದಾದವಳು. ಅವಳು ಸ್ಕೂಟರಿನ ಹಿಂದೆ ಕೂತರೆ ದಿಬ್ಬ ಹತ್ತುವಾಗ ಒಬ್ಬರು ಇಳಿಯಬೇಕಾಗುತ್ತಿತ್ತು. ಇಳಿದು ನೂಕುತ್ತಿದ್ದವನು ಚಿಕ್ಕಪ್ಪ.

"ಅವ್ವ, ಇದ್ರೊಳಗೆ ನನ್ನಂತೋರು ಇಬ್ರು ಇಡಿತಾರೆ" ಅಂದೆ.

"ಮದ್ವೆಗಿನ್ನೂ ಎರಡು ತಿಂಗ್ಳದೆ. ಅಷ್ಟೊತ್ಗೆ ತುಂಬ್ಕೊತಿಯೆ ಬುಡು."

ಎರಡು ತಿಂಗಳು ಹಾಲು, ತುಪ್ಪ, ಕಡಲೆಕಾಯಿ, ಬಾಳೆಹಣ್ಣಿನ ಅಭಿಷೇಕ ನಡೆಯಿತು. ನಾನು ತಟ್ಟೆಯಲ್ಲಿ ಬಿಟ್ಟದ್ದನ್ನು ಚೆಲ್ಲಬಾರದೆಂದು ತಿಂದು ತಿಂದು ಅವ್ವನೇ ಊದಿಕೊಂಡಳು. ನಾನು ಹೇಗಿದ್ದೆನೋ ಹಾಗೇ ಇದ್ದೆ.

ಮದುವೆ ಚಾಮರಾಜನಗರದ ಛತ್ರದಲ್ಲಿ. ಧಾರೆಯ ಬೆಳಿಗ್ಗೆ ಗಂಡಿನವರು ತಟ್ಟೆಯಲ್ಲಿ ಸೀರೆ, ಬ್ಲೌಸು ತಂದುಕೊಟ್ಟರು. ಕೋಣೆಯ ಬಾಗಿಲು ಹಾಕಿ ಬ್ಲೌಸು ತೊಟ್ಟೆ. ತೋಳು ದಿಂಬಿನ ಕವರಿನಷ್ಟಿತ್ತು. ಅದರ ಕತ್ತನ್ನು ಒಂದು ಭುಜಕ್ಕೆ ಏರಿಸಿದರೆ ಇನ್ನೊಂದರಿಂದ ಇಳಿಯುತ್ತಿತ್ತು. ಚಿಕ್ಕವ್ವ ಆಸೆ ತಡೆಯಲಾರದೆ ಅದನ್ನು ಬಿಚ್ಚಿಸಿ ತಾನೊಮ್ಮೆ ತೊಟ್ಟು ನೋಡಿದಳು.

"ಎಂಥಾ ಫಿಟ್ಟಿಂಗು ಕಣಕ್ಕಾ! ಈ ಊರಿನ ಟೈಲರ್ ಕೈ ಬಲ್ ಚೆನ್ನಾಗದೆ."

ಅವ್ವ ಅವಳನ್ನು ನೋಡಿದ ನೋಟಕ್ಕೆ ತೊಟ್ಟಷ್ಟೇ ಬೇಗ ಬಿಚ್ಚಿಕೊಟ್ಟಳು. ಬೇರೆ ಬ್ಲೌಸು ಹಾಕಿದರೆ ಬೀಗರಿಗೆ ಅವಮಾನ, ಇದನ್ನೇ ಹಾಕಿದರೆ ಅವ್ವನ ಸುಳ್ಳು ಊರೆಲ್ಲ ನೋಡುತ್ತದೆ. ಕೋಣೆಯಲ್ಲಿದ್ದ ಹೆಂಗಸರ ಬಳೆ, ಸರಗಳಲ್ಲಿದ್ದ ಪಿನ್ನುಗಳನ್ನೆಲ್ಲ ಕಿತ್ತು ನನಗೆ ಚುಚ್ಚಿದರು. ಸೀರೆ ಉಡಿಸಿ, ಒಡವೆ ಇಟ್ಟರು. ಉಸಿರೆಳೆದರೆ ಬೆನ್ನಿಗೆ ಚುಚ್ಚುತ್ತಿತ್ತು. ಹಾರ ಹಾಕಲು ಕೈ ಎತ್ತಿದರೆ ಏನು ಗತಿಯೋ ಎಂದು ನನಗೆ ಅಳುವೇ ಬಂತು.

ಆಗ ಬಾಗಿಲು ತಳ್ಳಿಕೊಂಡು ಅತ್ತೆ ಬಂದರು. ಅವ್ವನ ಮುಖ ಬಿಳಿಚಿಕೊಂಡಿತು.

"ತವರು ಬುಟ್ಟೋಯ್ತೀನಿ ಅಂತ ಕೊರಗಿ ಕೊರಗಿ ಇಳ್ದೋಗವ್ಳೆ ಬೀಗ್ರೇ" ಅಂದಳು.

ಅತ್ತೆ ನನ್ನನ್ನು ನೋಡಿದರು. ಆಮೇಲೆ ಚಿಕ್ಕವ್ವನನ್ನು ನಿಧಾನವಾಗಿ ಮೇಲಿಂದ ಕೆಳಗಿನವರೆಗೂ ನೋಡಿದರು. "ಪಾಪ, ಇಳಿದೇ ಇಳಿತಾರೆ" ಅಂದು ಸೊಂಟದಿಂದ ಒಂದು ಸೂಜಿ ತೆಗೆದರು. ಅದಕ್ಕೆ ದಾರ ಆಗಲೇ ಪೋಣಿಸಿತ್ತು, ಬ್ಲೌಸಿನದೇ ಬಣ್ಣದ್ದು.

"ಮೈಮೇಲಿರೋ ಬಟ್ಟೆ ಒಲಿಬಾರ್ದು, ದರಿದ್ರ ಅಂತಾರೆ" ಅಂತ ಅವ್ವ ತಡವರಿಸಿದಳು.

"ಬಿಚ್ಚಿ ಒಲಿಯಕೆ ಒತ್ತೆಲ್ಲದೆ? ಒಲಿಯೋಗಂಟ ಏನಾರ ತಿಂತಾ ಬಾಯಾಡಿಸ್ತಾ ಇದ್ರೆ ದೋಸ ತಟ್ಟಕಿಲ್ಲ."

"ಧಾರೆ ಆಗೋಗಂಟ ಉಪಾಸ..."

"ಬಾಳೆಣ್ಣು ಉಪಾಸಕ್ಕೆ ಆಯ್ತದೆ ಬುಡಿ."

ತಾಂಬೂಲದ ತಟ್ಟೆಯಿಂದ ಒಂದು ಹಣ್ಣು ಸುಲಿದು ನನ್ನ ಬಾಯಿಗೆ ತುರುಕಿದರು. ಎಡಗಡೆ ಹೊಲಿದು ಮುಗಿಸುವಷ್ಟರಲ್ಲಿ ಒಂದು ಹಣ್ಣು, ಬಲಗಡೆಗೆ ಒಂದು. ಪಿನ್ನುಗಳು ಒಂದೊಂದಾಗಿ ಕಳಚಿದವು. ಅತ್ತೆ ನನ್ನ ಕಿವಿಯ ಹತ್ತಿರ, ಅವ್ವನಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು.

"ನಿನ್ ನೋಡಕ್ ಬಂದಾಗ್ಲೇ ಮಣಿಕಟ್ಟು ನೋಡಿದ್ದೆ ಕಣಮ್ಮಿ. ಅದುಕ್ಕೆ ಎರಡು ಲಂಗ ಉಡ್ಸಕಾದದಾ?"

ಬಾಯಿ ತುಂಬ ಹಣ್ಣಿಟ್ಟುಕೊಂಡೇ ಕೇಳಿದೆ. "ಗೊತ್ತಿದ್ದೂ ಯಾಕತ್ತೆ ಇಷ್ಟ್ ದೊಡ್ಡದು ಒಲ್ಸುದ್ರಿ?"

"ಎತ್ತೋಳು ಕಳ್ಸಿದ್ ಅಳ್ತೆ ಅದು. ನಾನು ಕಮ್ಮಿ ಮಾಡ್ಸುದ್ರೆ ಅವ್ಳ ಮೊಕ ಏನಾಯ್ತದೆ?"

ಬಾಳೆಹಣ್ಣು ಅಗಿಯುತ್ತಿದ್ದ ಹಾಗೇ ಕಣ್ಣು ತುಂಬಿ ಬಂತು. ಮಗಳು ತವರಿಗಾಗಿ ಅಳುತ್ತಿದ್ದಾಳೆಂದು ಅವ್ವನಿಗೆ ಬಲು ಸಮಾಧಾನವಾಯಿತು.

ಆ ಬ್ಲೌಸಿನ ಹೊಲಿಗೆಗಳನ್ನು ನಾನು ವರ್ಷ ವರ್ಷ ಬಿಚ್ಚುತ್ತಾ ಬಂದೆ. ಎರಡು ಹೆತ್ತ ಮೇಲೆ ಬಿಚ್ಚಲು ಏನೂ ಉಳಿಯಲಿಲ್ಲ. ಚಿಕ್ಕವ್ವನ ಅಳತೆಗೆ ನಾನು ಕೊನೆಗೂ ಬಂದು ಮುಟ್ಟಿದೆ. ಸುಳ್ಳು ಹೇಳಿದ್ದಲ್ಲ, ಮುಂಚೆ ಹೇಳಿದ್ದು ಅಷ್ಟೇ, ಅನ್ನುತ್ತಾಳೆ ಅವ್ವ.

ಅತ್ತೆ ಮಾತ್ರ ಕಾಯಿಲೆ ಬಿದ್ದು ಎದ್ದ ಮೇಲೆ ಅರ್ಧಕ್ಕರ್ಧ ಇಳಿದುಹೋಗಿದ್ದಾರೆ. ಕೇಳಿದರೆ ಒಪ್ಪುವುದಿಲ್ಲ. ಮೊನ್ನೆ ಮೊಮ್ಮಗಳ ಮದುವೆಗೆ ತಾವು ತೊಡಲು ಬ್ಲೌಸು ಹೊಲಿಸಲು ಮೈದುಂಬಿದ್ದ ಕಾಲದ ತಮ್ಮ ಹಳೇ ಬ್ಲೌಸು ಕೊಟ್ಟು, "ಇದೇ ಅಳ್ತೆಗೆ ಒಲ್ಸು" ಅಂದರು.

"ಅಜ್ಜಿ ಇಳ್ದೋಗವ್ರಲ್ಲಕ್ಕಾ, ಕಮ್ಮಿ ಮಾಡ್ಲಾ?" ಅಂತ ಟೈಲರು ಕೇಳಿದ.

"ಬ್ಯಾಡ. ಅವ್ರು ಕೊಟ್ಟಂಗೇ ಒಲಿ" ಅಂದೆ.

ಮದುವೆಯ ಬೆಳಿಗ್ಗೆ ಸೂಜಿಗೆ ಅದೇ ಬಣ್ಣದ ದಾರ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಬಾಳೆಹಣ್ಣು ಹಿಡಿದು ಅವರ ಕೋಣೆಗೆ ಹೋದೆ. ಬ್ಲೌಸು ಭುಜದಿಂದ ಜಾರಿ ಮೊಣಕೈಗೆ ಬಂದಿತ್ತು. ಅತ್ತೆ ನನ್ನ ಕೈಯಲ್ಲಿದ್ದ ಹಣ್ಣನ್ನು ನೋಡಿದರು. ಏನೂ ಕೇಳದೆ ಬಾಯಿ ತೆರೆದರು.